ಕಾರಿಗೆ ಚಳಿಯಾಗಬಾರದು

“ನನ್ನ ಹೆಣ ಹೊರೋಕಾದ್ರೂ ಒಂದು ದೀಪ ಬೇಕಲ್ಲೋ. ಈ ಕತ್ತಲಲ್ಲಿ ಡುಲ್ಮಾನ ಹೊತ್ಕೊಂಡ್ ಹೋಗಿ ಹೂತು ಬಂದ್ಬಿಟ್ಟೀರಿ,” ಎಂದಳು ಪಕ್ಕದ ಮನೆಯ ಯಾಂಜ್ಮಾ ಅಜ್ಜಿ.

“ಥೂ, ಬಿಡ್ತು ಅನ್ನಜ್ಜಿ!” ಎಂದು ಡುಲ್ಮಾ ಗದರಿಸಿದಳು. ಡುಲ್ಮಾ ನನ್ನ ಹೆಂಡತಿ. ಯಾರೂ ಅಷ್ಟು ಸುಲಭವಾಗಿ ಹೊತ್ತುಕೊಂಡು ಹೋಗುವಷ್ಟು ಹಗುರದವಳಲ್ಲ.

“ನಾನ್ಯಾಕೆ ಅನ್ಲಿ? ಬಿಟ್ಟು ಹೋಗಿರೋದು ಕರೆಂಟು. ಅದಕ್ಕೆ ಹೇಳು.”

ಸಂಜೆಯ ಕರೆಂಟು ಆಗಷ್ಟೇ ಹೋಗಿತ್ತು. ಹೋಗುವಾಗ ಅದು ಸದ್ದು ಮಾಡುವುದಿಲ್ಲ. ಹೀಟರಿನ ಕೆಂಪು ದೀಪ ಕಣ್ಣು ಮುಚ್ಚುತ್ತದೆ, ಅಷ್ಟೆ. ಆಮೇಲೆ ಗೆರ್ ಎಂಬ ನಮ್ಮ ಗುಂಡು ಡೇರೆಮನೆಯ ಉಣ್ಣೆಗೋಡೆಯ ಆಚೆ ಕಾದು ನಿಂತಿದ್ದ ಚಳಿ ಪೊಲೀಸಿನವನ ಹಾಗೆ ಕೇಳದೇ ಒಳಗೆ ಬರುತ್ತದೆ. ಬಟ್ಟಲಲ್ಲಿ ಉಳಿದ ಚಹಾದ ಮೇಲೆ ಕೆನೆಯ ಬದಲು ಐಸು ಕಟ್ಟುತ್ತದೆ. ಬಾಗಿಲು ತೆಗೆದು ನೋಡಿದರೆ ನಮ್ಮ ಬೆಟ್ಟವೆಲ್ಲ ಕಪ್ಪು. ಕೆಳಗೆ ಉಲಾನ್‌ಬಾತರ್ ಪಟ್ಟಣ ಮಾತ್ರ ಮದುವೆಮನೆಯ ಹಾಗೆ ಉರಿಯುತ್ತಿರುತ್ತದೆ. ಆ ಚಳಿಗಾಲ ನಗರದ ನಡುವೆ ಐಸಿನ ಅರಮನೆ ಬೇರೆ ಕಟ್ಟಿದ್ದರು. ಅದರೊಳಗೆ ನೀಲಿ, ಹಸಿರು, ಕೆಂಪು ದೀಪ. ಐಸಿಗೆ ಕರೆಂಟಿತ್ತು, ಅಜ್ಜಿಗಿರಲಿಲ್ಲ.

ಇದಕ್ಕೆ ಸರದಿ ಎಂದು ಹೆಸರು. ಸರದಿಯ ಪ್ರಕಾರ ಕಟ್ ಮಾಡುತ್ತೇವೆ ಎಂದು ಟಿವಿಯಲ್ಲಿ ಹೇಳಿದ್ದರು. ಸರದಿ ಎಂದರೆ ಒಮ್ಮೆ ಅವರಿಗೆ, ಒಮ್ಮೆ ನಮಗೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಇವತ್ತು ಬೆಟ್ಟದ ಈ ಮಗ್ಗುಲು, ನಾಳೆ ಬೆಟ್ಟದ ಆ ಮಗ್ಗುಲು. ಹೆಚ್ಚು ಚಳಿ ಬಿದ್ದ ದಿನ ಎರಡೂ ಮಗ್ಗುಲು. ಅದೂ ಸರದಿಯೇ.

ಉಳಿದವರು ಒಲೆ ಹಚ್ಚಿಕೊಳ್ಳುತ್ತಿದ್ದೆವು. ಅಜ್ಜಿಗೆ ಒಲೆಯಿರಲಿಲ್ಲ. ಜೀವಮಾನವಿಡೀ ಕಲ್ಲಿದ್ದಲಿನ ಹೊಗೆ ಕುಡಿದು ಅವಳ ಎದೆ ತೂತು ಬಿದ್ದ ಕೊಳಲಾಗಿತ್ತು. ಇನ್ನೊಂದು ಚಳಿಗಾಲ ಹೊಗೆಯಲ್ಲಿ ಕಳೆದರೆ ವಸಂತ ನೋಡುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. “ವಸಂತದಲ್ಲಿ ನೋಡೋಕೆ ಏನಿದೆ ಡಾಕ್ಟ್ರೇ, ಬರೀ ಧೂಳು,” ಎಂದಿದ್ದಳು ಅಜ್ಜಿ. ಆದರೂ ಅವಳಿಗೆ ಸಾಯುವ ಮನಸ್ಸಿರಲಿಲ್ಲ. ಬಾಯಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಶರತ್ಕಾಲದಲ್ಲಿ ವಿದ್ಯುತ್ ಕಚೇರಿಯವರು ಲಾರಿ ತಂದರು. ನಿಮ್ಮ ಬೆಟ್ಟದ ಹೊಗೆಯಿಂದ ಊರು ಕೆಟ್ಟಿತು, ಒಲೆ ಕೊಡಿ, ಹೀಟರು ತಗೊಳ್ಳಿ ಎಂದರು. ನಮ್ಮಲ್ಲಿ ಮನೆಯ ಒಲೆಯನ್ನು ಯಾರೂ ಹೊರಗೆ ಕೊಡುವುದಿಲ್ಲ. ಬೆಂಕಿಯ ಜೊತೆ ಮನೆಯ ಆಯುಸ್ಸೂ ಹೋಗುತ್ತದೆ ಎಂದು ನೆರೆಯವರೆಲ್ಲ ಬೇಡ ಬೇಡ ಎಂದರು. ಅಜ್ಜಿ ಕೇಳಲಿಲ್ಲ. “ಆ ಬೆಂಕಿ ದೇವರು ನನ್ನ ಎದೆ ತಿಂದಿದ್ದಾನೆ. ಇನ್ನು ಸರ್ಕಾರವನ್ನ ತಿನ್ನಲಿ,” ಎಂದು ಗಂಡನ ಕಾಲದ ಕಬ್ಬಿಣದ ಒಲೆಯನ್ನು ಲಾರಿಗೆ ಹಾಕಿಸಿದಳು. ಕಚೇರಿಯ ಮುಖ್ಯಸ್ಥ ತುಮೆನ್ ಅವಳ ಕೈ ಕುಲುಕಿ ಫೋಟೋ ತೆಗೆಸಿಕೊಂಡ. ಚಳಿ ಬಿತ್ತು. ಕಟ್ ಶುರುವಾಯಿತು.

ಒಂದು ಸಂಜೆ ನಮ್ಮ ಗೆರ್‌ಗೆ ಅವಳನ್ನು ಹೊತ್ತು ತಂದೆವು. ನಮ್ಮ ಒಲೆಯ ಹೊಗೆಗೆ ಕೆಮ್ಮಿ ಕೆಮ್ಮಿ ರಕ್ತ ಕಾರಿದಳು. ಅಂದಿನಿಂದ ನಾವೇ ಅವಳ ತಣ್ಣನೆಯ ಗೆರ್‌ಗೆ ಹೋಗಿ ಆಚೆಗೊಬ್ಬರು ಈಚೆಗೊಬ್ಬರು ಕುರಿಗಳ ಹಾಗೆ ಒತ್ತಿಕೊಂಡು ಮಲಗುತ್ತಿದ್ದೆವು. ಹೊಗೆ ಕೊಟ್ಟರೆ ಸಾಯುತ್ತಾಳೆ, ಚಳಿಗೆ ಬಿಟ್ಟರೆ ಸಾಯುತ್ತಾಳೆ. ನಡುವೆ ಉಳಿದದ್ದು ಕರೆಂಟು ಒಂದೇ.

ನಾನು ಆ ಕರೆಂಟಿನ ಕೂಲಿ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಒಡೆಯುವವನು. ಗಣಿಯಿಂದ ಹೊರಡುವಾಗ ಕಲ್ಲಿದ್ದಲು ಒದ್ದೆಯಿರುತ್ತದೆ. ಸ್ಥಾವರ ಮುಟ್ಟುವ ಹೊತ್ತಿಗೆ ವ್ಯಾಗನ್ನಿನೊಳಗೆ ಅದು ಒಂದೇ ಬಂಡೆ. ಕೆಳಗಿನ ಬಾಗಿಲು ತೆಗೆದರೂ ಉದುರುವುದಿಲ್ಲ. ಆಗ ನಾವು ಹಾರೆ ಹಿಡಿದು ಮೇಲೆ ಹತ್ತುತ್ತೇವೆ. ಒಂದು ಹೊಡೆತ. ಇನ್ನೊಂದು ಹೊಡೆತ. ಹಾರೆಯ ನಡುಕ ಅಂಗೈಯಿಂದ ಹಲ್ಲಿನ ಬುಡಕ್ಕೆ ಬರುತ್ತದೆ. ರೆಪ್ಪೆಗೆ ಐಸು ಕಟ್ಟುತ್ತದೆ. ಮೂಗಿನಿಂದ ಕಪ್ಪು ಸುರಿಯುತ್ತದೆ. ಬರಿಗೈಯಲ್ಲಿ ಹಾರೆ ಮುಟ್ಟಿದರೆ ಚರ್ಮ ಅದರ ಜೊತೆಗೇ ಹೋಗುತ್ತದೆ. ನನ್ನ ಎಡಗೈ ಹೆಬ್ಬೆರಳಿನ ತುದಿ ಹಾಗೇ ಹೋಯಿತು. “ಬೇಗ ಬೇಗ, ಊರಿಗೆ ಕರೆಂಟ್ ಬೇಕು,” ಎಂದು ಮೇಸ್ತ್ರಿ ಲುವ್ಸಾನ್ ಕೆಳಗಿನಿಂದ ಕೂಗುತ್ತಿರುತ್ತಾನೆ. ಮನೆಗೆ ಬರುವ ದಾರಿಯಲ್ಲಿ ಒಂದು ದೊಡ್ಡ ಮಾಲ್ ಇದೆ. ಅದರ ಗಾಜಿನೊಳಗೆ ಮೆಟ್ಟಿಲುಗಳು ತಾವೇ ಮೇಲೆ ಹೋಗುತ್ತವೆ, ತಾವೇ ಕೆಳಗೆ ಬರುತ್ತವೆ. ಮೇಲೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಆ ಖಾಲಿ ಮೆಟ್ಟಿಲುಗಳನ್ನು ಓಡಿಸುವುದು ನಾನು ಒಡೆದ ಕಲ್ಲಿದ್ದಲು. ನಮ್ಮ ಬೆಟ್ಟ ಹತ್ತುವ ದಾರಿ ಮಾತ್ರ ಅದಕ್ಕೆ ಗೊತ್ತಿಲ್ಲ.

ಅಜ್ಜಿಯ ತುಟಿ ನೀಲಿಯಾಗತೊಡಗಿದ ಮೇಲೆ ಒಂದು ದಿನ ರಜೆ ಹಾಕಿ ಅವಳನ್ನು ಕರೆದುಕೊಂಡು ಬೆಟ್ಟದ ಬುಡದ ವಿದ್ಯುತ್ ಕಚೇರಿಗೆ ಹೋದೆ. ಒಳಗೆ ಬೇಸಿಗೆ. ಕುಂಡಗಳಲ್ಲಿ ಹೂ. ಮುಂದಿನ ಮೇಜಿನ ಹುಡುಗಿ ನಮ್ಮನ್ನು ಕಂಡ ಕೂಡಲೇ ಮೂಗು ಮುಚ್ಚಿ, ಡಬ್ಬಿಯೊಂದನ್ನು ತೆಗೆದು ಗಾಳಿಗೆ ಸುವಾಸನೆ ಹೊಡೆದಳು. ಗೆರ್‌ನವರ ಬಟ್ಟೆಯೆಲ್ಲ ಹೊಗೆ ನಾರುತ್ತದೆ. ನಮಗೆ ಗೊತ್ತಾಗುವುದಿಲ್ಲ; ಗೊತ್ತು ಮಾಡಿಸುವವರಿಗೇನೂ ಕಡಿಮೆಯಿಲ್ಲ.

“ನಂಗೂ ಒಂಚೂರು ಹೊಡಿಯಮ್ಮ,” ಎಂದು ಅಜ್ಜಿ ಕತ್ತು ಮುಂದೆ ಚಾಚಿದಳು. “ನಿಮ್ಮ ಸಾಹೇಬ್ರನ್ನ ನೋಡೋಕೆ ಹೋಗ್ತಿದೀನಿ. ಏನಾದ್ರೂ ಕುದುರಿದ್ರೆ ನಿನ್ನನ್ನೇ ಮದುವೆಗೆ ಕರೀತೀನಿ.”

ತುಮೆನ್ ತೆಳ್ಳನೆಯ ಬೂಟು, ತೆಳ್ಳನೆಯ ಕೋಟು ಹಾಕಿಕೊಂಡು ಕೂತಿದ್ದ. ನಮಗೆ ಕೂರಲು ಹೇಳಲಿಲ್ಲ.

“ಇಡೀ ದೇಶಕ್ಕೇ ಕರೆಂಟ್ ಸಾಲ್ತಿಲ್ಲ ಅಜ್ಜಿ. ಎಲ್ಲರೂ ಸಹಿಸ್ಕೋಬೇಕು.”

“ಸಹಿಸ್ಕೋತೀನಪ್ಪ. ನಿನ್ನ ಪಾಲಿನ ಕತ್ತಲು ಯಾವತ್ತು?”

“ಅಪಾರ್ಟ್‌ಮೆಂಟಿನವರಿಗೆ ಕಟ್ ಮಾಡಿದ್ರೆ ಪೈಪು ಹೆಪ್ಪುಗಟ್ಟಿ ಒಡೆದುಹೋಗುತ್ತೆ.”

“ನನ್ನ ಪೈಪು?” ಅಜ್ಜಿ ಎದೆ ತಟ್ಟಿಕೊಂಡಳು. ಒಳಗಿನಿಂದ ಗೊರ್ ಎಂದು ಉತ್ತರ ಬಂತು.

“ನೀವು ಗೆರ್‌ನವರು. ಚಳಿ ನಿಮಗೆ ಅಭ್ಯಾಸ. ಒಲೆ ಹಚ್ಕೊಳ್ಳಿ.”

“ಒಲೆ ನೀನೇ ತಗೊಂಡ್ ಹೋದ್ಯಲ್ಲ. ಫೋಟೋದಲ್ಲಿ ಎಷ್ಟು ಚೆನ್ನಾಗಿ ನಗ್ತಿದ್ದೆ!”

ತುಮೆನ್ ನನ್ನ ಕಡೆ ತಿರುಗಿದ. ಮುದುಕಿಗೆ ಬುದ್ಧಿ ಹೇಳು ಎಂಬಂತೆ. “ನೋಡಪ್ಪ, ಲೈನು ಬೇರೆ ಬೇರೆ. ನಮ್ಮ ಕಚೇರಿಯ ಲೈನಿನಲ್ಲಿ ಆಸ್ಪತ್ರೆ ಇದೆ. ಅದಕ್ಕೆ ಯಾವತ್ತೂ ಕಟ್ ಇಲ್ಲ. ನೀವು ಇಲ್ಲಿದ್ದಿದ್ರೆ ನಿಮಗೂ ಇರ್ತಿರಲಿಲ್ಲ. ನೀವಿರೋದು ಅಲ್ಲಿ. ನಾನೇನ್ ಮಾಡ್ಲಿ?”

“ಸರಿ ಸಾಹೇಬ್ರೇ,” ಎಂದೆ ನಾನು. ನನಗೆ ಬರುತ್ತಿದ್ದ ಉತ್ತರ ಅದೊಂದೇ.

ಹೊರಗೆ ಕಚೇರಿಯ ಅಂಗಳದಲ್ಲಿ ತುಮೆನ್‌ನ ಕಾರು ನಿಂತಿತ್ತು. ಮೈಮೇಲೆ ಹತ್ತಿ ತುಂಬಿದ ದಪ್ಪ ಕೌದಿ. ಮೂತಿಯಿಂದ ಒಂದು ವೈರು ಹೊರಟು ಪಕ್ಕದ ಕಂಬದ ಪ್ಲಗ್ಗಿಗೆ ಹೋಗಿತ್ತು. ಅಜ್ಜಿ ನಿಂತಳು.

“ಇದೇನೋ ಸಂಬೂ?”

“ಎಂಜಿನ್ ಹೆಪ್ಪುಗಟ್ಟಬಾರದಲ್ಲ ಅಜ್ಜಿ. ಬೆಚ್ಚಗಿಡೋಕೆ.”

“ಕರೆಂಟ್ ಕುಡೀತಿದ್ಯಾ?”

“ಬೆಳಿಗ್ಗೆಯಿಂದ ಸಂಜೆವರೆಗೆ.”

ಅಜ್ಜಿ ಕೌದಿಯ ಅಂಚನ್ನು ಬೆರಳಲ್ಲಿ ಹಿಸುಕಿ ನೋಡಿದಳು. “ನನ್ನದಕ್ಕಿಂತ ದಪ್ಪ ಇದೆ ಕಣೋ. ಪಾಪ, ಕಾರಿಗೆ ಚಳಿಯಾಗಬಾರದು.” ನಗಲು ಶುರು ಮಾಡಿದಳು. ನಗು ಕೆಮ್ಮಾಯಿತು. ಹಿಮದ ಮೇಲೆ ಉಗಿದಳು. ಉಗುಳಿನಲ್ಲಿ ಕೆಂಪಿತ್ತು. ನಾನು ಬೂಟಿನಿಂದ ಹಿಮ ಎಳೆದು ಮುಚ್ಚಿದೆ. ಅವಳು ನನ್ನ ತೋಳು ಹಿಡಿದು ಉಸಿರು ಕೂಡಿಸಿಕೊಂಡಳು.

“ನಮ್ಮಪ್ಪ ಹುಲ್ಲು ಇದ್ದ ಕಡೆ ಮನೆ ಹೊತ್ಕೊಂಡ್ ಹೋಗ್ತಿದ್ದ. ನಾನೇನ್ ಹುಲ್ಲು ತಿಂತೀನಾ? ಕರೆಂಟ್ ಇದ್ದ ಕಡೆ ಹೋಗ್ತೀನಿ. ಗೊಂಬೊನ ಲಾರಿ ಬೇಕು ಅಂತ ಹೇಳು.”

ಮರುದಿನ ನಸುಕಿನಲ್ಲೇ ಗೆರ್ ಬಿಚ್ಚಿದೆವು. ಹಗ್ಗಗಳು ಕಂಬಿಯ ಹಾಗೆ ಸೆಟೆದಿದ್ದವು. ಗಂಟು ಬಿಚ್ಚಲು ಬಾಯಿಂದ ಬಿಸಿಯುಸಿರು ಬಿಡಬೇಕು, ಹಲ್ಲಿನಿಂದ ಎಳೆಯಬೇಕು. ಉಣ್ಣೆಯ ಹಾಸುಗಳು ಮಡಚಿದರೆ ಲಟಲಟ ಎನ್ನುತ್ತಿದ್ದವು. ನೆರೆಯವರು ಯಾರೂ ಯಾಕೆಂದು ಕೇಳಲಿಲ್ಲ. ಗೆರ್ ಬಿಚ್ಚುವುದನ್ನು ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ. ಗೊಂಬೊ ನಮ್ಮ ನೆರೆಯವನು, ನೀಲಿ ಬಣ್ಣದ ಸಣ್ಣ ಲಾರಿಯಲ್ಲಿ ಸಾಮಾನು ಸಾಗಿಸಿ ಬದುಕುವವನು. ಅವನು ಅಜ್ಜಿಯನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. “ಸೊಸೆ ಮನೆ ಬಿಟ್ಟು ಓಡಿ ಹೋಗ್ತಿರೋ ಹಾಗಿದೆ ಅಜ್ಜಿ,” ಎಂದ. “ಸುಮ್ನೆ ಓಡಿಸು. ಗಂಡ ಎದ್ದಾನು,” ಎಂದಳು ಅಜ್ಜಿ. ಅವಳ ಗಂಡ ಸತ್ತು ಎಷ್ಟೋ ಕಾಲವಾಗಿತ್ತು.

ಬೆಳಕು ಹರಿಯುವಷ್ಟರಲ್ಲಿ ಕಚೇರಿಯ ಅಂಗಳದಲ್ಲಿ, ತುಮೆನ್ ಕಾರು ನಿಲ್ಲಿಸುವ ಜಾಗದಲ್ಲೇ, ಗೆರ್ ಎದ್ದು ನಿಂತಿತು. ಗೆರ್‌ನ ಬಾಗಿಲು ದಕ್ಷಿಣಕ್ಕೇ ಇರಬೇಕು. ಕಚೇರಿ ಕಟ್ಟಿದ ಪುಣ್ಯಾತ್ಮ ಅದರ ಬಾಗಿಲನ್ನು ಉತ್ತರಕ್ಕೆ ಇಟ್ಟಿದ್ದ. ಹೀಗಾಗಿ ಎರಡು ಬಾಗಿಲೂ ಮುಖಕ್ಕೆ ಮುಖ ಕೊಟ್ಟು ಜಗಳಕ್ಕೆ ನಿಂತಂತಿದ್ದವು. ಕಂಬದ ಪ್ಲಗ್ಗಿಗೆ ನಮ್ಮ ವೈರು ಚುಚ್ಚಿದೆ. ಹೀಟರು ಕೆಂಪಗಾಯಿತು. ಅಜ್ಜಿ ಅದರ ಮುಂದೆ ಅಂಗೈ ಚಾಚಿ ಕಣ್ಣು ಮುಚ್ಚಿದಳು. ಎಷ್ಟೋ ದಿನಗಳ ಮೇಲೆ ಅವಳ ಉಸಿರಿನ ಸದ್ದು ನನಗೆ ಕೇಳಿಸಲಿಲ್ಲ.

ಆಮೇಲೆ ತುಮೆನ್ ಬಂದ.

“ಏನಿದು? ಯಾರದಿದು? ಇದು ಸರ್ಕಾರಿ ಜಾಗ!”

“ಗೊತ್ತಪ್ಪ,” ಎಂದಳು ಅಜ್ಜಿ ಬಾಗಿಲಲ್ಲಿ ತಲೆ ಹಾಕಿ. “ಇಲ್ಲಿದ್ದಿದ್ರೆ ಕರೆಂಟ್ ಹೋಗ್ತಿರಲಿಲ್ಲ ಅಂತ ನೀನೇ ಅಲ್ವಾ ಹೇಳಿದ್ದು? ಅಧಿಕಾರಿಗಳ ಮಾತು ಮೀರಬಾರದು ಅಂತ ಬಂದ್ಬಿಟ್ಟೆ. ಹೊಸದಾಗಿ ಬಂದಿಳಿದವರಿಗೆ ಅಕ್ಕಪಕ್ಕದವರು ಬಿಸಿ ಚಹಾ ತರ್ತಾರೆ. ನಿಮ್ಮ ಕಡೆಯಿಂದ ಒಬ್ಬರೂ ಬರಲಿಲ್ಲ. ಹೋಗ್ಲಿ, ನಾವೇ ಇಟ್ಟಿದೀವಿ. ಬಾ ಒಳಗೆ.”

ಕಚೇರಿಯ ಕಿಟಕಿಗಳ ತುಂಬ ಮುಖಗಳು. ಬೆಟ್ಟದವರು ಅರ್ಧ ಜನ ಕೆಳಗಿಳಿದು ಬಂದಿದ್ದರು. ಎಲ್ಲರ ಕೈಯಲ್ಲೂ ಫೋನು.

ತುಮೆನ್ ನೆಟ್ಟಗೆ ಕಂಬದ ಬಳಿ ಹೋದ. ನಮ್ಮ ವೈರು ಕಿತ್ತು ಹಿಮಕ್ಕೆ ಎಸೆದ. ಕಾರನ್ನು ಗೆರ್‌ನ ಮಗ್ಗುಲಿಗೆ ತಂದು ನಿಲ್ಲಿಸಿ ಅದರ ವೈರು ಚುಚ್ಚಿದ. ಡಿಕ್ಕಿಯಿಂದ ಕೌದಿ ತೆಗೆದು ಹೊದಿಸಿದ. ಮಲಗಿದ ಮಗುವಿಗೆ ತಾಯಿ ಸಿಕ್ಕಿಸುವಂತೆ ನಾಲ್ಕೂ ಮೂಲೆ ಒಳಗೆ ಸಿಕ್ಕಿಸಿದ. ನಾವೆಲ್ಲ ನೋಡಿದೆವು.

ಆಮೇಲೆ ಗೆರ್ ಬಿಚ್ಚಿಸಲು ಒಳಗೆ ನುಗ್ಗಿದ. ನುಗ್ಗಿದ ಎಂದು ಅವನೇ ತಿಳಿದಿದ್ದ. ಆದರೆ ಬಾಗಿಲಲ್ಲಿ ಅವನ ತಲೆ ತಾನೇ ಬಾಗಿತು. ಕಾಲು ಹೊಸ್ತಿಲನ್ನು ತುಳಿಯದೆ ದಾಟಿತು. ದೇಹ ಎಡಕ್ಕೆ, ಅತಿಥಿಗಳ ಕಡೆಗೆ, ತಾನಾಗಿ ತಿರುಗಿತು.

“ನೋಡ್ದ್ಯಾ ಸಂಬೂ,” ಎಂದಳು ಅಜ್ಜಿ, “ಇದು ಗೆರ್‌ನಲ್ಲೇ ಹುಟ್ಟಿ ಗೆರ್‌ನಲ್ಲೇ ಉಚ್ಚೆ ಹೊಯ್ದ ಮಗು. ಕೂತ್ಕೋ ಮಗಾ.”

ಅವನು ಕೂತ. ಕೂತ ಮೇಲೆ ಕೂತೆನೆಂದು ಗೊತ್ತಾಯಿತು. ಅಜ್ಜಿ ಬಂದವರಿಗೆ ಮೊದಲು ಕೊಡುವ ನಶ್ಯದ ಬುಡ್ಡಿ ಮುಂದೆ ಹಿಡಿದಳು. ಬಲಗೈ ಅದನ್ನೂ ತೆಗೆದುಕೊಂಡಿತು.

“ಇದನ್ನ ಈಗಲೇ ಬಿಚ್ಚಬೇಕು,” ಎಂದ.

“ಬಿಚ್ಚೋಣ. ಮೊದಲು ಚಹಾ ಕುಡಿ.”

“ನನಗೆ ಚಹಾ ಬೇಡ.”

ಡುಲ್ಮಾ ಉಸಿರು ಒಳಗೆಳೆದುಕೊಂಡಳು. ಗೆರ್‌ಗೆ ಬಂದವರು ಒಂದು ಗುಟುಕಾದರೂ ಚಹಾ ಮುಟ್ಟದೆ ಎದ್ದು ಹೋಗುವುದೆಂದರೆ ಆ ಮನೆಗೆ ಶಾಪ ಹಾಕಿ ಹೋದ ಹಾಗೆ. ಅದೂ ರಕ್ತ ಕೆಮ್ಮುವ ಮುದುಕಿಯ ಮನೆಗೆ. ಅದೂ ಅಷ್ಟೊಂದು ಫೋನುಗಳ ಮುಂದೆ. ತುಮೆನ್ ಬಾಗಿಲ ಕಡೆ ನೋಡಿದ. ಬಾಗಿಲ ತುಂಬ ಜನ.

“ಸರಿ, ಬೇಗ ಕೊಡಿ.”

“ಕೊಡ್ತಿದ್ದೆ,” ಎಂದು ಅಜ್ಜಿ ಕರೆಂಟು ಕೆಟಲಿನ ಹೊಟ್ಟೆ ಸವರಿದಳು. “ಯಾರೋ ಕರೆಂಟ್ ತೆಗೆದ್ರು.”

ಬಾಗಿಲಲ್ಲಿ ಗೊಂಬೊ ಕಿಸಕ್ಕನೆ ನಕ್ಕ. ತುಮೆನ್‌ನ ಕಿವಿ ಕೆಂಪಾಯಿತು. ನನ್ನ ಹೆಸರು, ನನ್ನ ಕೆಲಸ ಕೇಳಿದ. ಹೇಳಿದೆ. ಅವನು ಯಾರಿಗೋ ಫೋನು ಮಾಡಿ ಅದನ್ನೇ ಹೇಳಿದ. ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಮೇಸ್ತ್ರಿ ಲುವ್ಸಾನ್.

“ಏನೋ ಸಂಬೂ, ಏನ್ ಮಾಡ್ಕೊಂಡ್ ಕೂತಿದ್ದೀಯ? ಮೇಲಿನವರು ನನ್ನ ಉಗೀತಿದಾರೆ. ಆ ಗೆರ್ ಬಿಚ್ಚು. ಇಲ್ದಿದ್ರೆ ನಾಳೆಯಿಂದ ಬರಬೇಡ ಅಂತಿದಾರೆ.”

ನನ್ನ ಬಾಯಲ್ಲಿ “ಸರಿ” ಬಂದು ನಿಂತಿತು. ಎದುರಿಗೆ ಹೀಟರು. ಕಪ್ಪಗೆ. ಅಜ್ಜಿ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ತುಟಿಯ ಬಣ್ಣ ಮತ್ತೆ ತಿರುಗುತ್ತಿತ್ತು.

“ಬರಲ್ಲ ಅಣ್ಣ,” ಎಂದೆ.

“ಏನಂದೆ?”

“ಬರಲ್ಲ. ಹಾರೆ ಎರಡನೇ ವ್ಯಾಗನ್ ಹತ್ರ ಇದೆ. ಮೇಲಿನವರಿಗೇ ಕೊಡಿ. ಹತ್ತಿ ಒಡೀಲಿ. ಕೈಗವಸು ಮರೀಬೇಡಿ ಅಂತ ಹೇಳಿ, ಚರ್ಮ ಕಿತ್ಕೊಂಡ್ ಬರುತ್ತೆ.”

“ನೀನು ಇಷ್ಟು ದಿನ ಒಳ್ಳೆ ಮನುಷ್ಯ ಆಗಿದ್ಯಲ್ಲೋ,” ಎಂದು ಲುವ್ಸಾನ್ ಫೋನು ಇಟ್ಟುಬಿಟ್ಟ.

ಡುಲ್ಮಾಳ ಮುಖ ನೋಡಲು ಧೈರ್ಯವಿರಲಿಲ್ಲ. ಅವಳು ಎದ್ದಳು. ಟೋಪಿ ಹಾಕಿಕೊಂಡಳು. ಗೊಂಬೊನ ತೋಳು ಹಿಡಿದೆಳೆದುಕೊಂಡು ಹೊರಗೆ ಹೋದಳು. ಲಾರಿ ಹೊರಟ ಸದ್ದು ಕೇಳಿತು. ಅವಳ ಹಿಂದೆ ಬೆಟ್ಟದವರೂ ಒಂದಷ್ಟು ಜನ ಹೋದರು. ಸಿಟ್ಟಿಗೆ ತವರಿಗೇ ಹೊರಟಳು ಎಂದುಕೊಂಡೆ.

ನಾವು ಮೂವರು ಕೂತೆವು. ಚಳಿಯೂ ಬಂದು ಕೂತಿತು. ಅಜ್ಜಿಯ ಕಾಲಲ್ಲಿ ಉಣ್ಣೆಯ ಬೂಟು. ನನ್ನದೂ ಅದೇ. ತುಮೆನ್‌ನದು ಮಿರಿಮಿರಿ ಮಿಂಚುವ ತೊಗಲು, ಕೆಳಗೆ ಕಾಗದದಂಥ ಅಟ್ಟೆ. ಅವನು ಮೊದಲು ಬೆರಳು ಅಲ್ಲಾಡಿಸಿದ. ಆಮೇಲೆ ಕಾಲು ತಟ್ಟಿದ. ಮೂಗು ಸೋರಿತು. ಎದ್ದರೆ ಫೋನುಗಳು ಎದ್ದೇಳುತ್ತಿದ್ದವು, ಮತ್ತೆ ಕೂರುತ್ತಿದ್ದ. ಅಜ್ಜಿ ಮಾತಾಡುತ್ತಲೇ ಇದ್ದಳು.

“ನಿಮ್ಮಮ್ಮ ಎಲ್ಲಿದಾಳೆ?”

“ಹಳ್ಳಿಯಲ್ಲಿ.”

“ಒಲೆ ಇದ್ಯಾ, ಫೋಟೋ ತೆಗೆಸ್ಕೊಂಡು ಅದನ್ನೂ ತಂದ್ಯಾ?”

ಅಜ್ಜಿ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಬೆನ್ನು ಬಿಲ್ಲಾಯಿತು. ನಾನು ಹಿಡಿದುಕೊಂಡೆ, ಕೋಟಿನೊಳಗೆ ಮೂಳೆಗಳು ಹಾರುತ್ತಿದ್ದವು. ಕರವಸ್ತ್ರ ತೆಗೆದಾಗ ಮೂವರೂ ನೋಡಿದೆವು. ಅವಳು ಅದನ್ನು ಮಡಚಿ ತೊಡೆಯ ಕೆಳಗಿಟ್ಟಳು.

“ಹೆದರಬೇಡ,” ಎಂದಳು ತುಮೆನ್‌ಗೆ, ಉಸಿರು ಸಿಕ್ಕ ಮೇಲೆ. “ಇವತ್ತೇ ಸಾಯಲ್ಲ. ನಾಳೆ, ನಾಡಿದ್ದು ಆಗಬಹುದು. ಸಾಯೋದಾದ್ರೆ ನಿನ್ನ ಕಿಟಕಿ ಮುಂದೆ ಸಾಯ್ತೀನಿ. ಅಲ್ಲಿ ಬೆಟ್ಟದ ಮೇಲೆ ಸತ್ರೆ ನಿನಗೆ ಹೇಗೆ ಗೊತ್ತಾಗಬೇಕು? ಕೂತ್ಕೋ, ಚಹಾ ಕುಡಿದೇ ಹೋಗು.”

ತುಮೆನ್ ಎದ್ದ. ಯಾರಿಗೋ, ಯಾವುದಕ್ಕೋ, ಕೆಟ್ಟದಾಗಿ ಬೈದ. ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ. ಅವನ ಮನಸ್ಸು ಕರಗಿತೆಂದು ನಾನು ಹೇಳುವುದಿಲ್ಲ. ಕಾಲ್ಬೆರಳು ಹೆಪ್ಪುಗಟ್ಟುತ್ತಿತ್ತು ಎಂದಷ್ಟೇ ಹೇಳಬಲ್ಲೆ. ಬಾಗಿಲಿನಿಂದ ನೋಡಿದೆ. ಕಂಬದ ಮುಂದೆ ನಿಂತಿದ್ದ. ಕಿಟಕಿಗಳಲ್ಲಿದ್ದ ತನ್ನವರನ್ನು ಒಮ್ಮೆ ನೋಡಿದ. ಕಾರಿನ ವೈರು ಕಿತ್ತ. ಹಿಮದಲ್ಲಿ ಬಿದ್ದಿದ್ದ ನಮ್ಮ ವೈರನ್ನು ಬಗ್ಗಿ ಎತ್ತಿಕೊಂಡ, ಬರಿಗೈಯಲ್ಲಿ ಅದರ ಮೇಲಿನ ಹಿಮ ಒರೆಸಿದ, ಚುಚ್ಚಿದ.

ಹೀಟರು ಕೆಂಪಗಾಯಿತು. ಕೆಟಲ್ ಗುಂಯ್ ಎಂದಿತು.

ಅವನು ಬಂದು ಅದೇ ಜಾಗದಲ್ಲಿ ಕೂತ. ಅಜ್ಜಿ ಅವಸರ ಮಾಡಲಿಲ್ಲ. ಕಲ್ಲಾಗಿದ್ದ ಹಾಲಿನ ಗಡ್ಡೆಯನ್ನು ಚಾಕುವಿನಿಂದ ಒಡೆದು ಹಾಕಿದಳು. ಅದು ಕರಗುವವರೆಗೆ ಕಾದಳು. ಚಹಾಪುಡಿ ಹಾಕಿದಳು. ನಮ್ಮ ಪದ್ಧತಿಯಂತೆ ಉಪ್ಪು ಹಾಕಿದಳು. ಬಟ್ಟಲಿಗೆ ಬಗ್ಗಿಸಿ ಬಗ್ಗಿಸಿ ವಾಪಸ್ ಸುರಿದಳು, ಮತ್ತೆ ಕುದಿಸಿದಳು. ಸೂರ್ಯ ಗೆರ್‌ನ ಮೇಲಿನ ಕಿಂಡಿಗೆ ಬಂದ. ಆಮೇಲೆ ಎರಡೂ ಕೈಯಲ್ಲಿ ಬಟ್ಟಲು ಕೊಟ್ಟಳು. ತುಮೆನ್ ಎರಡೂ ಕೈಯಲ್ಲಿ ತೆಗೆದುಕೊಂಡ. ಬೆರಳು ಬೆಚ್ಚಗಾಗುವವರೆಗೆ ಕುಡಿಯಲಿಲ್ಲ.

“ಇವತ್ತು ಒಂದು ದಿನ ಮಾತ್ರ,” ಎಂದ.

“ಕುಡಿ ಮಗಾ, ಆರಿಹೋಗುತ್ತೆ,” ಎಂದಳು ಅಜ್ಜಿ.

ಹೊರಗೆ ಲಾರಿಯೊಂದು ಹಿಂದಕ್ಕೆ ಬರುವ ಪೀಂ ಪೀಂ ಸದ್ದಾಯಿತು. ನಾನು ಬಾಗಿಲು ತೆಗೆದೆ. ಗೊಂಬೊನ ಲಾರಿ. ಅದರ ಮೇಲೆ ಸುತ್ತಿದ ಉಣ್ಣೆಯ ಹಾಸುಗಳು, ಕಂಬಗಳು, ನಮ್ಮ ಮನೆಯ ಕಿತ್ತಳೆ ಬಣ್ಣದ ಬಾಗಿಲು. ಬಾಗಿಲ ಮೇಲೆ ಡುಲ್ಮಾ ಕಾಲು ಮಡಚಿ ಕೂತಿದ್ದಳು. ಕಾರಿಗೆ ತಾಗದ ಹಾಗೆ ಎಡಕ್ಕೆ, ಇನ್ನೂ ಎಡಕ್ಕೆ ಎಂದು ಗೊಂಬೊಗೆ ಕೈ ಬೀಸುತ್ತಿದ್ದಳು.